ಕುಟುಂಬದ ಕಾರನ್ನು ಪರೀಕ್ಷಿಸುವ ಬಗೆ

ಹೋದ ದಸರೆಯ ರಜೆಯಲ್ಲಿ ನಮ್ಮ ಕಾಲೇಜಿನ ಕನ್ನಡ ವಿಭಾಗದ ಮಿತ್ರರೊಬ್ಬರು ಮನೆಗೆ ಬಂದು, ತಾವು ಕಾರೊಂದನ್ನು ಕೊಳ್ಳಬೇಕೆಂದಿರುವುದಾಗಿಯೂ ಅದನ್ನು ಆರಿಸಿಕೊಡುವ ಹೊಣೆ ನಮ್ಮದೆಂದೂ ತಿಳಿಸಿದರು. "ಬಣ್ಣ ನಾನು ನೋಡಬಲ್ಲೆ, ಬೆಲೆ ಕೇಳಬಲ್ಲೆ. ಒಳಗೇನಿದೆ ಅನ್ನೋದನ್ನ ಮಾತ್ರ ಭೌತಶಾಸ್ತ್ರ ಓದಿದ ನೀವೇ ಹೇಳಬೇಕು ಸಾರ್" ಎಂದರು. ಭೌತಶಾಸ್ತ್ರ ಓದಿದವನು ಮೆಕ್ಯಾನಿಕ್ಕಲ್ಲವೆಂದು ನಾವು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ವೃದ್ಧೆಯಾದ ತಾಯಿ, ಪತ್ನಿ, ಇಬ್ಬರು ಮಕ್ಕಳು. ಹತ್ತು ವರ್ಷ ಕೂಡಿಟ್ಟ ಹಣ. ಆ ಹಣಕ್ಕೆ ಹೊಸದಾದರೆ ಪುಟ್ಟ ಕಾರು ದೊರೆಯುತ್ತಿತ್ತು. ನಡುಗಾತ್ರದ ಸೆಡಾನಾದರೆ ಏಳೆಂಟು ವರ್ಷ ಓಡಿದ್ದು. ಇಂಥ ಇಕ್ಕಟ್ಟು ಅವರೊಬ್ಬರದೇ ಅಲ್ಲವಾದುದರಿಂದ ಆಗ ಹಾಕಿದ ಲೆಕ್ಕಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಎಂಜಿನಿಗೊಂದು, ಜನರಿಗೊಂದು, ಸಾಮಾನಿಗೊಂದು, ಹೀಗೆ ಮೂರು ಪೆಟ್ಟಿಗೆಗಳನ್ನು ಜೋಡಿಸಿದಂತೆ ಕಾಣುವ ಕಾರಿಗೆ ಸೆಡಾನ್ ಎಂದು ಹೆಸರು. ನಮ್ಮ ಹಿರಿಯರ ಕಾಲದ ಅಂಬಾಸಿಡರ್ ಈ ಜಾತಿಯದೇ. 2014ರಲ್ಲಿ ಅದರ ತಯಾರಿಕೆ ನಿಂತಿತು. ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮೊದಲಾದವು ನಮ್ಮ ದೇಶದಲ್ಲಿ ನಡುಗಾತ್ರದ ಸೆಡಾನುಗಳೆನಿಸಿವೆ. ಇವುಗಳ ಉದ್ದ ಸುಮಾರು ನಾಲ್ಕೂವರೆ ಮೀಟರು. ಡಿಕ್ಕಿಯ ಗಾತ್ರ ಐನೂರು ಲೀಟರಿಗೂ ಮಿಗಿಲು. ನಾಲ್ಕು ಮೀಟರಿನೊಳಗಿನ, 1200 ಘನ ಸೆಂಟಿಮೀಟರು ಮೀರದ ಪೆಟ್ರೋಲು ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಷ್ಟು ತೆರಿಗೆಯಾದರೆ, ಈ ವರ್ಗಕ್ಕೆ ಶೇಕಡಾ 40. ಹೊಸ ಸೆಡಾನು ಮೇಷ್ಟರ ಕೈಗೆ ಎಟುಕದಿರುವುದಕ್ಕೆ ಇದೂ ಒಂದು ಕಾರಣ.

ಮಾರುವವರು ಮೊದಲು ಹೇಳುವುದು ಅಶ್ವಶಕ್ತಿಯನ್ನು. ಹಿಂದಿನ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಎಂಜಿನು ಸುಮಾರು 50 ಅಶ್ವಶಕ್ತಿಯನ್ನು ಕೊಡುತ್ತಿತ್ತು; 2020ರಲ್ಲಿ ಬಂದ ಹೋಂಡಾ ಸಿಟಿಯ 1498 ಘನ ಸೆಂಟಿಮೀಟರಿನ ಎಂಜಿನು ಸುಮಾರು 120 ಕೊಡುತ್ತದೆ. ಇಷ್ಟು ಶಕ್ತಿ ಏತಕ್ಕೆ? ಲೆಕ್ಕ ಹಾಕಿ ನೋಡೋಣ. ಕಾರಿನ ತೂಕ 1100 ಕಿಲೋಗ್ರಾಂ, ಐವರು ಜನ ಮತ್ತು ಅವರ ಗಂಟುಮೂಟೆ ಸೇರಿ 350. ಒಟ್ಟು 1450 ಎಂದಿಟ್ಟುಕೊಳ್ಳೋಣ. ಸಮರಸ್ತೆಯ ಮೇಲೆ ಒಂದೇ ವೇಗದಲ್ಲಿ ಓಡುವ ಕಾರನ್ನು ತಡೆಯುವುವು ಎರಡು: ಟೈರುಗಳ ಉರುಳು ಘರ್ಷಣೆ ಮತ್ತು ಗಾಳಿಯ ಪ್ರತಿರೋಧ. ಮೊದಲನೆಯದು ಭಾರದ ನೂರರಲ್ಲೊಂದು ಪಾಲು, ಸುಮಾರು 142 ನ್ಯೂಟನ್. ವೇಗ ಏರಿದರೂ ಹೆಚ್ಚು ಬದಲಾಗದು. ಎರಡನೆಯದು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಸೆಡಾನಿನ ಆಕಾರಕ್ಕೆ ಅದು ಗಂಟೆಗೆ 80 ಕಿಲೋಮೀಟರಿನಲ್ಲಿ ಸುಮಾರು 187, 100ರಲ್ಲಿ 292 ನ್ಯೂಟನ್. ಇವನ್ನು ಕೂಡಿಸಿ ವೇಗದಿಂದ ಗುಣಿಸಿದರೆ 80ರಲ್ಲಿ 10 ಅಶ್ವಶಕ್ತಿಯೂ 100ರಲ್ಲಿ 16 ಅಶ್ವಶಕ್ತಿಯೂ ಸಾಕೆಂದು ತಿಳಿಯುತ್ತದೆ! ಮಿಕ್ಕದ್ದು ಬೇಕಾಗುವುದು ಘಟ್ಟ ಹತ್ತಲು ಮತ್ತು ಲಾರಿಯನ್ನು ಹಿಂದಿಕ್ಕಲು. ಇದೇ ಕಾರು ಆರು ಸೆಕೆಂಡುಗಳಲ್ಲಿ 60ರಿಂದ 90ಕ್ಕೆ ಏರಬೇಕಾದರೆ ಚಲನಶಕ್ತಿಯ ಹೆಚ್ಚಳಕ್ಕೇ 56 ಅಶ್ವಶಕ್ತಿ ಬೇಕು. ಎದುರಿನಿಂದ ಬಸ್ಸು ಬರುತ್ತಿರುವಾಗ ಈ ಆರು ಸೆಕೆಂಡು ಹನ್ನೆರಡಾಗಬಾರದಷ್ಟೆ. ಆದುದರಿಂದ ಕಾರನ್ನು ಪರೀಕ್ಷಿಸುವಾಗ ಒಬ್ಬರೇ ಕುಳಿತು ಓಡಿಸಬಾರದು. ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡೇ ಓಡಿಸಬೇಕು. ಹೊಸ ಕಾರಿಗೂ ಈ ಮಾತು ಸಲ್ಲುತ್ತದೆ.

ಪೆಟ್ರೋಲಿನ ಲೆಕ್ಕವೂ ಇದೇ ದಾರಿಯಲ್ಲಿ ಸಿಗುತ್ತದೆ. ಶೇಕಡಾ 20ರಷ್ಟು ಎಥನಾಲು ಬೆರೆತ ಈಗಿನ ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿಯಿದೆ; ಬೆರಕೆಯಿಲ್ಲದ ಪೆಟ್ರೋಲಿನಲ್ಲಿ ಸುಮಾರು 32. ಇದರಲ್ಲಿ ಕಾಲುಭಾಗ ಮಾತ್ರ ಚಕ್ರವನ್ನು ಮುಟ್ಟುತ್ತದೆಯೆಂದು ಇಟ್ಟುಕೊಂಡರೆ ನಮಗೆ ದಕ್ಕುವುದು ಏಳೂವರೆ ಮೆಗಾಜೂಲ್. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 118 ಕಿಲೋಮೀಟರನ್ನು 80ರ ವೇಗದಲ್ಲಿ ಕ್ರಮಿಸಲು 5.2 ಲೀಟರು, 100ರ ವೇಗದಲ್ಲಿ 6.8 ಲೀಟರು ಬೇಕಾಗುತ್ತದೆ. ಒಂದೂವರೆ ಲೀಟರಿಗೂ ಮಿಕ್ಕ ಪೆಟ್ರೋಲು ಕೊಟ್ಟು ನಾವು ಕೊಳ್ಳುವುದು ಹದಿನೇಳು ಹದಿನೆಂಟು ನಿಮಿಷಗಳನ್ನು. ಕೊಳ್ಳಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು. ಈಗ ಎಲ್ಲರಿಗೂ ಮೋಹವಾಗಿರುವ ಎತ್ತರದ ಕಾರುಗಳ ಮೈ ಗಾಳಿಗೆ ಇನ್ನೂ ಅಗಲವಾಗಿ ಎದುರಾಗುವುದರಿಂದ ಅವುಗಳ ಗಾಳಿಯ ಪ್ರತಿರೋಧ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾಗುವುದುಂಟು. ತಗ್ಗಾದ ಸೆಡಾನಿನ ಗುರುತ್ವಕೇಂದ್ರವೂ ಕೆಳಗಿದ್ದು, ತಿರುವುಗಳಲ್ಲಿ ಅದು ಸ್ಥಿರವಾಗಿ ನಿಲ್ಲುತ್ತದೆ. ಆದರೆ ನಮ್ಮ ಬೀದಿಗಳ ಹಂಪುಗಳು ಭೌತಶಾಸ್ತ್ರವನ್ನು ಕೇಳಿ ಕಟ್ಟಿದವಲ್ಲ! ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಗೆ ಸಾಮಾನು ತುಂಬಿ, ಮನೆಯ ಮುಂದಿನ ಹಂಪನ್ನು ದಾಟಿಸಿ ನೋಡದೆ ಸೆಡಾನನ್ನು ಕೊಳ್ಳಕೂಡದು.

ಹೊಸ ಕಾರು ಕೊಳ್ಳುವವರು ಅಪಘಾತ ಪರೀಕ್ಷೆಯ ನಕ್ಷತ್ರಗಳನ್ನು ಕೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಗುದ್ದಿಸುತ್ತಾರೆ. ಸ್ಲಾವಿಯಾ, ವರ್ಟಸ್, ವರ್ನಾ ಮೂರೂ 2023ರಲ್ಲಿ ಐದು ನಕ್ಷತ್ರ ಪಡೆದವು. ಆ ವರ್ಷದ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ನಡೆಯುತ್ತಿದೆ. 64 ಎಂಬುದು ಸಣ್ಣ ವೇಗವೆನ್ನಿಸಬಹುದು. ಹದಿನಾರು ಮೀಟರು ಎತ್ತರದಿಂದ, ಎಂದರೆ ಐದಂತಸ್ತಿನ ಕಟ್ಟಡದಿಂದ, ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗವದು. ಕಾರಿನ ಮೂತಿ ಮುದುಡಿ, ಬೆಲ್ಟು ಹಿಡಿದು, ದೇಹವು 70 ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಬಲ ಭಾರದ 23 ಪಟ್ಟು. ಬೆಲ್ಟಿಲ್ಲದೆ ಮುಂದಿನ ಹಲಗೆಗೆ ಬಡಿದು ಏಳು ಸೆಂಟಿಮೀಟರಿನಲ್ಲಿ ನಿಂತರೆ 230 ಪಟ್ಟು. ಹಿಂದಿನ ಸೀಟಿನ ನಡುವೆ ಕೂರುವವರಿಗೂ ಭುಜದ ಮೇಲಿಂದ ಬರುವ ಬೆಲ್ಟು ಇದೆಯೇ ಎಂದು ನೋಡಬೇಕಾದುದು ಇದಕ್ಕಾಗಿಯೇ.

ಹಳೆಯ ಕಾರಿಗೆ ಈ ನಕ್ಷತ್ರಗಳು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ? ಒಮ್ಮೆ ಮುದುಡಿ, ಕತ್ತರಿಸಿ ಬೆಸುಗೆ ಹಾಕಿಸಿಕೊಂಡ ಚೌಕಟ್ಟು ಎರಡನೆಯ ಸಾರಿ ಹಾಗೆಯೇ ಮುದುಡುವುದೆಂಬ ಭರವಸೆಯಿಲ್ಲ. ಇದನ್ನು ಪತ್ತೆಹಚ್ಚಲು ನಾವು ಪ್ರಯೋಗಶಾಲೆಯಿಂದ ಸಣ್ಣ ಅಯಸ್ಕಾಂತವೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆವು. ಮೊದಲು ನೋಡಿದ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮಿತ್ರರು ಅದಕ್ಕೆ ಆಗಲೇ ಮನಸೋತಿದ್ದರು. ಬಾಗಿಲುಗಳ ಮೇಲೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡಿತು. ಎಡಗಡೆ ಮುಂಚಕ್ರದ ಮೇಲ್ಭಾಗಕ್ಕೆ ಬಂದಾಗ ಜಾರಿ ಕೆಳಗೆ ಬಿತ್ತು. ಬಣ್ಣದ ಕೆಳಗೆ ಪುಟ್ಟಿಯ ದಪ್ಪ ಪದರವಿತ್ತು! ಕಾಂತಾಕರ್ಷಣೆಯು ದೂರ ಹೆಚ್ಚಿದಂತೆ ಬೇಗಬೇಗನೆ ಕುಗ್ಗುವುದರಿಂದ ಒಂದೆರಡು ಮಿಲಿಮೀಟರು ಪುಟ್ಟಿಯನ್ನೂ ಅದು ತಿಳಿಸಿಬಿಡುತ್ತದೆ. (ಬಂಪರು ಪ್ಲಾಸ್ಟಿಕ್ಕಿನದು, ಕೆಲವು ಕಾರುಗಳ ಬಾನೆಟ್ಟು ಅಲ್ಯೂಮಿನಿಯಮ್ಮಿನದು. ಅಲ್ಲಿ ಅಯಸ್ಕಾಂತ ಅಂಟದಿದ್ದರೆ ಮಾರುವವನೊಡನೆ ಜಗಳವಾಡಬಾರದು.) ಬಾನೆಟ್ಟು ಎತ್ತಿದಾಗ ಆ ಬದಿಯ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರಿನ ಗಾಯಗಳೂ ಕಂಡವು. ಅಲ್ಪಸ್ವಲ್ಪ ಟಿಂಕರಿಂಗ್ ಎಲ್ಲ ಕಾರಿಗೂ ಇದ್ದದ್ದೇ ಎಂದು ಮಾರುವವರು ಹೇಳಿದರು. ಬಾಗಿಲಿಗಾದ ಗೀರು ಬೇರೆ, ಮುಂಚೌಕಟ್ಟಿಗಾದ ಪೆಟ್ಟು ಬೇರೆ. ನಾವು ಅಲ್ಲಿಂದ ಹೊರಟೆವು.

ಎರಡನೆಯ ಕಾರು ಅಷ್ಟು ಹೊಳೆಯುತ್ತಿರಲಿಲ್ಲ. ಮೈಮೇಲೆ ಎಲ್ಲ ಕಡೆಗೂ ಅಯಸ್ಕಾಂತ ಒಂದೇ ಸಮನಾಗಿ ಅಂಟಿತು. ಸೀಟುಬೆಲ್ಟನ್ನು ತುದಿಯವರೆಗೆ ಎಳೆದು ನೋಡಿದೆವು. ನೆರೆಯಲ್ಲಿ ಮುಳುಗಿದ ಕಾರಿನ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ಕಾರುಗಳು ಮುಳುಗಿದುದನ್ನು ಓದುಗರು ಬಲ್ಲರು. ರಾತ್ರಿಯಿಡೀ ತಣ್ಣಗಿದ್ದ ಎಂಜಿನನ್ನು ಬೆಳಿಗ್ಗೆ ನಮ್ಮೆದುರಿಗೇ ಚಾಲೂ ಮಾಡಿಸಿದೆವು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬಂದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ. ಮಾಪಕದ ಕಿಲೋಮೀಟರುಗಳನ್ನು ತಿದ್ದಬಹುದು. ಪೆಡಲಿನ ಸವೆದ ರಬ್ಬರನ್ನು ತಿದ್ದುವುದು ಅಷ್ಟು ಸುಲಭವಲ್ಲ. ಆರ್.ಸಿ., ವಿಮೆ, ಬ್ಯಾಂಕಿನ ಸಾಲ ತೀರಿದ ಪತ್ರ ಇವುಗಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ. 2318 ಎಂದಿದ್ದರೆ ಅದು 2018ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಈ ಕಾರಿನ ಟೈರುಗಳಲ್ಲಿ ಗೆರೆಗಳು ಆಳವಾಗಿಯೇ ಇದ್ದವು. ವಯಸ್ಸು ಮಾತ್ರ ಏಳು ದಾಟಿತ್ತು. ರಬ್ಬರು ಓಡದೆ ನಿಂತಿದ್ದರೂ ಬಿರುಸಾಗುತ್ತದೆ. 100ರ ವೇಗದಲ್ಲಿ ಒಣರಸ್ತೆಯ ಮೇಲೆ ಒಳ್ಳೆಯ ಟೈರು ಬ್ರೇಕು ಒತ್ತಿದ ಮೇಲೆ ಸುಮಾರು 49 ಮೀಟರಿನಲ್ಲಿ ಕಾರನ್ನು ನಿಲ್ಲಿಸುತ್ತದೆ. ಒದ್ದೆರಸ್ತೆಯಲ್ಲಿ ಬಿರುಸಾದ ಟೈರಿನ ಹಿಡಿತ ಅರ್ಧಕ್ಕಿಳಿದರೆ 98 ಮೀಟರು ಬೇಕು. ನಾಲ್ಕು ಹೊಸ ಟೈರುಗಳ ಬೆಲೆಯನ್ನು ಕಾರಿನ ಬೆಲೆಯಲ್ಲಿ ಇಳಿಸಬೇಕೆಂದು ಕೇಳಿದೆವು. ಸ್ವಲ್ಪ ಹಗ್ಗಜಗ್ಗಾಟದ ಮೇಲೆ ಒಪ್ಪಿದರು.

ಕೊನೆಗೆ ಚಾಮುಂಡಿ ಬೆಟ್ಟ. ಮಿತ್ರರು, ಅವರ ತಾಯಿ, ಪತ್ನಿ, ನಾವು, ಕಾರಿನ ಕಡೆಯ ಒಬ್ಬ ತರುಣ, ಹೀಗೆ ಐವರು. ಮೈಸೂರು ನಗರದಿಂದ ಬೆಟ್ಟದ ಮೇಲಕ್ಕೆ ಸುಮಾರು 300 ಮೀಟರು ಏರಿಕೆ. 1450 ಕಿಲೋಗ್ರಾಮನ್ನು ಅಷ್ಟೆತ್ತರ ಎತ್ತಲು 42 ಲಕ್ಷ ಜೂಲಿಗೂ ಮಿಕ್ಕ ಶಕ್ತಿ, ಎಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು ಬೇಕು. ಎಂಜಿನು ಗೊಣಗದೆ ಏರಿತು; ಉಷ್ಣತೆಯ ಮುಳ್ಳು ಅಲುಗಲಿಲ್ಲ. ಇಳಿಯುವಾಗ ತರುಣನು ಪೆಟ್ರೋಲು ಉಳಿಸುವ ಉತ್ಸಾಹದಿಂದ ಗೇರನ್ನು ನ್ಯೂಟ್ರಲಿಗೆ ತಂದನು. ನಾವು ತಡೆಯಬೇಕಾಗಿತ್ತು, ಕುತೂಹಲ ನಮ್ಮನ್ನು ಸುಮ್ಮನಿರಿಸಿತು. ಮೂರುಪಾಲು ಇಳಿಯುವಷ್ಟರಲ್ಲಿ ಬ್ರೇಕಿನ ಪೆಡಲು ಮೊದಲಿಗಿಂತ ಆಳಕ್ಕೆ ಹೋಗುತ್ತಿದೆಯೆಂದು ಅವನೇ ಹೇಳಿದನು. ಹಿಂದೆ ಕುಳಿತಿದ್ದ ಆ ತಾಯಿಗೆ ಇದೊಂದೂ ತಿಳಿಯದು. ದೇವಸ್ಥಾನದ ಕುಂಕುಮದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹೊರಗೆ ನೋಡುತ್ತಿದ್ದರು. ನಮ್ಮ ಅಂಗೈ ಬೆವರಿತು. ಎರಡನೆಯ ಗೇರಿಗೆ ಹಾಕಿಸಿ, ಮೆಲ್ಲಗೆ ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಕಾದೆವು.

ಆದುದೇನು? ಏರುವಾಗ ಗಳಿಸಿದ ಶಕ್ತಿಯನ್ನು ಇಳಿಯುವಾಗ ಎಲ್ಲಿಯಾದರೂ ಒಪ್ಪಿಸಲೇಬೇಕು. ಟೈರು ಮತ್ತು ಗಾಳಿ ಕಾಲುಭಾಗವನ್ನು ತೆಗೆದುಕೊಂಡವೆನ್ನೋಣ. ಮಿಕ್ಕ 32 ಲಕ್ಷ ಜೂಲ್ ಬ್ರೇಕುಗಳಲ್ಲಿ ಶಾಖವಾಯಿತು. ನಾಲ್ಕು ಚಕ್ರಗಳ ಬ್ರೇಕಿನ ಕಬ್ಬಿಣ 25 ಕಿಲೋಗ್ರಾಂ ಎಂದುಕೊಂಡರೆ, ಗಾಳಿಗೆ ಆರದಿದ್ದ ಪಕ್ಷದಲ್ಲಿ ಅದರ ಉಷ್ಣತೆ ಸುಮಾರು 280 ಡಿಗ್ರಿ ಏರಬೇಕು. ಅರ್ಧದಷ್ಟು ಆರಿತೆಂದರೂ 140 ಡಿಗ್ರಿ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ಬ್ರೇಕು ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಇನ್ನೂ ಕೆಳಗೆ. ದ್ರವ ಕುದಿದಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನಮ್ಮ ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಇನ್ನು ನ್ಯೂಟ್ರಲಿನಿಂದ ಉಳಿತಾಯವೆಂಬುದು ಹಳೆಯ ಕಾರ್ಬುರೇಟರಿನ ಕಾಲದ ನಂಬಿಕೆ. ಈಗಿನ ಎಂಜಿನು ಗೇರಿನಲ್ಲಿದ್ದು, ಕಾಲು ಆಕ್ಸಿಲರೇಟರಿನ ಮೇಲಿಲ್ಲದೆ ಇಳಿಯುವಾಗ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ; ನ್ಯೂಟ್ರಲಿನಲ್ಲಿಯೇ ಅದು ಉರಿಯುತ್ತಿರಲು ಪೆಟ್ರೋಲು ಬೇಕು.

ಮರುದಿನ ಗ್ಯಾರೇಜಿನಲ್ಲಿ ಬ್ರೇಕು ದ್ರವವನ್ನು ಹೊರತೆಗೆದಾಗ ಅದು ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿತ್ತು. ಪ್ಯಾಡುಗಳು, ಕೊಳವೆಗಳು ಚೆನ್ನಾಗಿಯೇ ಇದ್ದವು. ಹೊಸ ದ್ರವ ತುಂಬಿಸಿ, ಈ ಸಲ ನಾವು ಮತ್ತು ಮಿತ್ರರು ಇಬ್ಬರೇ, ಡಿಕ್ಕಿಯಲ್ಲಿಯೂ ಹಿಂದಿನ ಸೀಟಿನಲ್ಲಿಯೂ ಮರಳಿನ ಚೀಲಗಳನ್ನಿಟ್ಟು ಮತ್ತೆ ಬೆಟ್ಟ ಹತ್ತಿ, ಎರಡನೆಯ ಗೇರಿನಲ್ಲಿ ಇಳಿದೆವು. ಪೆಡಲು ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು. ಮಿತ್ರರು ಆ ಕಾರನ್ನೇ ಕೊಂಡರು.

ನಾವು ಲೆಕ್ಕಕ್ಕೆ ತಾರದೆ ಬಿಟ್ಟ ವಿಷಯವೊಂದನ್ನು ಅವರ ತಾಯಿಯವರು ಕಂಡುಹಿಡಿದರು. ಸೆಡಾನಿನ ಸೀಟು ತಗ್ಗು. ಮಂಡಿನೋವಿನವರಿಗೆ ಅಲ್ಲಿಂದ ಏಳುವುದು ಕಷ್ಟ. ಈಗ ಅವರ ಜಾಗದಲ್ಲಿ ನಾಲ್ಕು ಬೆರಳು ದಪ್ಪದ ಮೆತ್ತೆಯೊಂದಿದೆ. ಬೆಲ್ಟು ಸೊಂಟದ ಮೇಲೆ ಸರಿಯಾಗಿ ಕೂರುವಂತೆ ಅದನ್ನು ಎರಡು ಸಲ ಹೊಲಿಸಿ ತಿದ್ದಿಸಬೇಕಾಯಿತು. ಬ್ರೇಕು ದ್ರವವನ್ನು ಮುಂದೆ ಬದಲಿಸಬೇಕಾದ ತಾರೀಖನ್ನು ಮಿತ್ರರು ತಮ್ಮ ಹಳಗನ್ನಡ ಪಾಠದ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ.