ಕಡತದ ದಾರಿ: ಲಿನಕ್ಸ್ ಮತ್ತು ವಿಂಡೋಸ್ ನಡುವೆ

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವುದು ಕೈಟ್ ಸಂಸ್ಥೆಯು ಸಿದ್ಧಪಡಿಸಿದ, ಉಬುಂಟು ಆಧಾರಿತ ಗ್ನು ಲಿನಕ್ಸ್. ಕಾಸರಗೋಡಿನ ಕನ್ನಡ ಅಧ್ಯಾಪಕರಲ್ಲಿ ಅನೇಕರ ಮನೆಯ ಯಂತ್ರದಲ್ಲಿ ಇರುವುದಾದರೋ ವಿಂಡೋಸ್. ಮನೆಯಲ್ಲಿ ಧ್ವನಿಮುದ್ರಿಸಿಕೊಂಡ ಪದ್ಯವಾಚನಗಳನ್ನು ಪಟ್ಟಿಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ ಶಾಲೆಯಲ್ಲಿ ಪಟ್ಟಿ ತೆರೆಯುತ್ತದೆ, ಧ್ವನಿ ಹೊರಡುವುದಿಲ್ಲ. ಕಡತಗಳೆಲ್ಲ ಅದರಲ್ಲಿಯೇ ಇರುತ್ತವೆ. ಅವುಗಳ ವಿಳಾಸ ಮಾತ್ರ ಈ ಯಂತ್ರಕ್ಕೆ ತಿಳಿಯುವುದಿಲ್ಲ. ಕನ್ನಡದ ಸಿದ್ಧ ಸಾಮಗ್ರಿ ವಿರಳವಾಗಿರುವ ನಮ್ಮ ತರಗತಿಗಳಲ್ಲಿ ಅಧ್ಯಾಪಕರು ತಾವೇ ತಯಾರಿಸಿದ್ದು ತೆರೆಯದಿದ್ದರೆ ಆ ಅವಧಿಗೆ ಬದಲಿ ಸಿಗುವುದು ಕಷ್ಟ.

ಈ ಭೇದಕ್ಕೆ ಒಂದು ಚರಿತ್ರೆಯಿದೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್, ಕೋಶಗಳ ಹೆಸರುಗಳ ನಡುವೆ / ಚಿಹ್ನೆಯನ್ನು ಬಳಸಿತು. 1981ರ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಕೋಶದೊಳಗೆ ಕೋಶವೆಂಬುದೇ ಇರಲಿಲ್ಲ; ಅಲ್ಲಿ / ಚಿಹ್ನೆಯು ಆಜ್ಞೆಗಳ ಆಯ್ಕೆಗಳನ್ನು ಸೂಚಿಸಲು ಮೀಸಲಾಗಿತ್ತು. 1983ರ ಎರಡನೆಯ ಆವೃತ್ತಿಗೆ ಕೋಶಗಳು ಬಂದಾಗ ಹಳೆಯ ಬಳಕೆಯನ್ನು ಕೆಡಿಸಲಾಗದೆ \ ಚಿಹ್ನೆಯನ್ನು ಆರಿಸಿಕೊಂಡರು. ವಿಂಡೋಸ್ ಅದನ್ನೇ ಮುಂದುವರಿಸಿತು.

ಗೆರೆಯ ಓರೆಯನ್ನು ಬದಲಿಸಿದರೆ ಸಾಕೆಂದು ತೋರಬಹುದು, ಸಾಲದು. ವಿಂಡೋಸ್‌ನಲ್ಲಿ ದಾರಿಯು ಡ್ರೈವ್‌ನ ಅಕ್ಷರದಿಂದ ಹೊರಡುತ್ತದೆ:

ಇ:\ವಾಚನ\ಎಂಟು\ಪದ್ಯ1.ಎಂಪಿ3

ಲಿನಕ್ಸ್‌ನಲ್ಲಿ ಡ್ರೈವ್ ಅಕ್ಷರಗಳಿಲ್ಲ. ಎಲ್ಲವೂ / ಎಂಬ ಒಂದೇ ಮೂಲದ ಕೊಂಬೆಗಳು. ಅದೇ ಪೆನ್‌ಡ್ರೈವ್ ಉಬುಂಟುವಿನಲ್ಲಿ ಹೀಗೆ ಕಾಣಿಸುತ್ತದೆ:

/ಮೀಡಿಯಾ/ಬಳಕೆದಾರ/ಪೆನ್‌ಡ್ರೈವ್/ವಾಚನ/ಎಂಟು/ಪದ್ಯ1.ಎಂಪಿ3

(ಆಜ್ಞೆಗಳನ್ನೂ ವ್ಯವಸ್ಥೆಯ ಕೋಶಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಯಂತ್ರದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ ಒತ್ತಬೇಕು.)

ವಿಂಡೋಸ್‌ನೊಳಗೆಯೇ ಲಿನಕ್ಸ್ ಅಳವಡಿಸಿಕೊಂಡವರಿಗೆ ಡಬ್ಲ್ಯುಎಸ್ಎಲ್‌ಪಾತ್ ಎಂಬ ಆಜ್ಞೆ ದೊರೆಯುತ್ತದೆ:

ಡಬ್ಲ್ಯುಎಸ್ಎಲ್‌ಪಾತ್ -ಯು 'ಡಿ:\ವಾಚನ\ಎಂಟು'

ಉತ್ತರ: /ಎಂಎನ್‌ಟಿ/ಡಿ/ವಾಚನ/ಎಂಟು. -ಯು ಬದಲು -ಡಬ್ಲ್ಯು ಎಂದರೆ ಲಿನಕ್ಸ್ ದಾರಿಯು ವಿಂಡೋಸ್ ರೂಪಕ್ಕೆ ತಿರುಗುತ್ತದೆ. ಸಿಗ್‌ವಿನ್ ಬಳಸುವವರಿಗೆ ಸಿಗ್‌ಪಾತ್, ವೈನ್ ಬಳಸುವವರಿಗೆ ವೈನ್‌ಪಾತ್ ಇದೇ ಕೆಲಸ ಮಾಡುತ್ತವೆ. ಒಂಟಿ ಉದ್ಧರಣ ಚಿಹ್ನೆಯನ್ನು ಬಿಡಬಾರದು. ಲಿನಕ್ಸ್‌ನ ಆಜ್ಞಾಸಾಲಿನಲ್ಲಿ \ ಎಂಬುದು 'ಮುಂದಿನ ಅಕ್ಷರವನ್ನು ಇದ್ದಂತೆಯೇ ತೆಗೆದುಕೋ' ಎಂಬ ಸಂಜ್ಞೆ. ಉದ್ಧರಣವಿಲ್ಲದಿದ್ದರೆ ಅದು ಮಾಯವಾಗಿ ಹೆಸರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಶಾಲೆಯ ಯಂತ್ರದಲ್ಲಿ ಈ ಸಾಧನಗಳು ಇರಬೇಕೆಂದಿಲ್ಲ. ಇದ್ದರೂ 'ಇ:' ಎಂದರೆ ಯಾವ ಪೆನ್‌ಡ್ರೈವ್ ಎಂದು ಅವು ಊಹಿಸಲಾರವು. ಅಲ್ಲಿ ಟಿಆರ್ ಎಂಬ ಚಿಕ್ಕ ಆಜ್ಞೆಯೇ ಸಾಕು. ಹಾಡುಪಟ್ಟಿಯ ಕಡತವೆಂಬುದು ಸಾಲಿಗೊಂದು ದಾರಿಯನ್ನು ಬರೆದಿಟ್ಟ ಸರಳ ಪಠ್ಯವಷ್ಟೆ:

ಟಿಆರ್ '\\' '/' < ಹಳೆಪಟ್ಟಿ > ಹೊಸಪಟ್ಟಿ

ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಹಳೆಯ ಕಡತವು ಓದುವ ಮೊದಲೇ ಬರಿದಾಗುತ್ತದೆ, ಎಚ್ಚರ. ಬಳಿಕ ಹೊಸ ಪಟ್ಟಿಯನ್ನು ಪಠ್ಯ ಸಂಪಾದಕದಲ್ಲಿ ತೆರೆದು 'ಇ:/' ಎಂಬುದನ್ನೆಲ್ಲ ಅಳಿಸಿ, ಪಟ್ಟಿಯನ್ನು ಪೆನ್‌ಡ್ರೈವ್‌ನಲ್ಲಿ ವಾಚನ ಕೋಶದ ಪಕ್ಕದಲ್ಲಿಯೇ ಇರಿಸಬೇಕು. ಈಗ ಸಾಲು ವಾಚನ/ಎಂಟು/ಪದ್ಯ1.ಎಂಪಿ3 ಎಂದಷ್ಟೇ ಇರುತ್ತದೆ. ಪಟ್ಟಿ ಇರುವ ಸ್ಥಳದಿಂದಲೇ ಎಣಿಸುವ ಈ ಸಾಪೇಕ್ಷ ದಾರಿಗೆ ಡ್ರೈವ್‌ನ ಹೆಸರು ಬೇಡ. ಪಾಠಗಳನ್ನು ಮೊದಲಿನಿಂದಲೇ ಹೀಗೆ ಕಟ್ಟುವುದು ಪರಿವರ್ತನೆಗಿಂತ ಲೇಸೆಂದು ನನ್ನ ಅಭಿಪ್ರಾಯ.

ಹೆಸರುಗಳ ವಿಚಾರದಲ್ಲಿ ಕನ್ನಡಕ್ಕೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ಲಿನಕ್ಸ್ ರೋಮನ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಎಣಿಸದು. ಕನ್ನಡ ಹೆಸರಿಗೆ ಈ ಕಾಟವಿಲ್ಲ. ಆದರೆ ಯುನಿಕೋಡ್‌ನಲ್ಲಿ 'ಕೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡನ್ನು ಕೂಡಿಸಿಯೂ ಬರೆಯಬಹುದು. ಅರ್ಧಾಕ್ಷರದ ಬಳಿಕ ಬಳಸುವ ಅದೃಶ್ಯ ಸಂಕೇತವೊಂದು ಹೆಸರಿನ ಕೊನೆಯಲ್ಲಿ ಉಳಿದರೆ ಕಣ್ಣಿಗೆ ಏನೂ ತೋರದು, ಯಂತ್ರಕ್ಕೆ ಮಾತ್ರ ಅದು ಬೇರೆಯೇ ಹೆಸರು. ಆದುದರಿಂದ ಪಟ್ಟಿಯಲ್ಲಿ ಹೆಸರನ್ನು ಮತ್ತೆ ಬೆರಳಚ್ಚಿಸದೆ, ಕಡತದ ಹೆಸರನ್ನೇ ನಕಲಿಸಿ ಅಂಟಿಸಬೇಕು. ಲಿನಕ್ಸ್‌ನಲ್ಲಿ 'ಮಳೆ ಏಕೆ?' ಎಂದು ಹೆಸರಿಟ್ಟ ಕಡತವನ್ನು ವಿಂಡೋಸ್ ಸ್ವೀಕರಿಸದು; ಪ್ರಶ್ನಾರ್ಥಕ, ವಿವರಣ ಚಿಹ್ನೆ, ನಕ್ಷತ್ರ ಚಿಹ್ನೆಗಳು ಅಲ್ಲಿ ನಿಷಿದ್ಧ.

ಎಂಟನೆಯ ತರಗತಿಯವರಿಗೆ ಇದನ್ನು ಕಲಿಸುವಾಗ ಮೊದಲು ತಮ್ಮ ಮನೆಯ ವಿಳಾಸವನ್ನು ಜಿಲ್ಲೆಯಿಂದ ಆರಂಭಿಸಿ ಮನೆಯ ಹೆಸರಿನವರೆಗೆ / ಚಿಹ್ನೆಯೊಡನೆ ಬರೆಸಿರಿ. ಅನಂತರ ಶಾಲೆಯ ಬಾಗಿಲಿನಿಂದ ಅದೇ ಮನೆಗೆ ಹೋಗುವ ದಾರಿಯನ್ನು ಬರೆಸಿ, ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಇರಿಸಿರಿ.