ಮೆಟ್ಟಿಲಿಳಿಯುವಾಗ ಹೆಜ್ಜೆ ತಪ್ಪುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 66 ವರ್ಷ, ನಿವೃತ್ತ ಶಿಕ್ಷಕಿ. ಪ್ರೋಗ್ರೆಸಿವ್ ಕನ್ನಡಕ ಹಾಕಿದ ಮೇಲೆ ಮೆಟ್ಟಿಲಿಳಿಯುವಾಗ, ಫುಟ್‌ಪಾತಿನ ಅಂಚಿನಲ್ಲಿ ಹೆಜ್ಜೆ ತಪ್ಪುತ್ತಿದೆ. ಒಮ್ಮೆ ಬಿದ್ದೆ ಕೂಡ. ‘ಕಾಲು ನೋಡ್ಕೊಂಡು ನಡಿಯಮ್ಮ’ ಅಂತ ಮಗ ಗದರುತ್ತಾನೆ. ಹಾಗೆ ನಡೆದರೆ ಇನ್ನೂ ತಡವರಿಸುತ್ತೇನೆ. ಹೆದರಿ ಬೆಳಗಿನ ವಾಕಿಂಗ್ ಬಿಟ್ಟಿದ್ದೇನೆ. ವಯಸ್ಸಾಯಿತು ಅಂತ ಸುಮ್ಮನಿರಲೇ?
– ಹೆಸರು ಬೇಡ, ತುಮಕೂರು

ಉತ್ತರ: ಸುಮ್ಮನಿರಬೇಡಿ ಅಮ್ಮಾ. ನಿಮ್ಮ ಪತ್ರ ಓದಿದಾಗ ನನಗೆ ಅನುಮಾನ ಬಂದದ್ದು ವಯಸ್ಸಿನ ಮೇಲಲ್ಲ, ಕನ್ನಡಕದ ಮೇಲೆ.

ಏರುಪೇರಿನ ನೆಲದಲ್ಲಿ ನಡೆಯುವಾಗ ಕಣ್ಣು ಸುಮಾರು ಎರಡು ಹೆಜ್ಜೆ ಮುಂದಿನ ಜಾಗವನ್ನು ನೋಡುತ್ತಿರುತ್ತದೆ. ಕಲ್ಲು ಎಷ್ಟು ದೂರ, ಗುಂಡಿ ಎಷ್ಟು ಆಳ ಎಂಬುದು ಕಾಲೆತ್ತುವ ಮೊದಲೇ ತೀರ್ಮಾನವಾಗಿರಬೇಕು. ಕಾಲ್ಬೆರಳ ತುದಿಯನ್ನೇ ನೋಡುತ್ತಾ ಹೊರಟರೆ ಅದಕ್ಕೆ ವೇಳೆಯೇ ಸಿಗದು. ಮಗನ ಕಾಳಜಿ ಸರಿ, ಸಲಹೆ ಸರಿಯಲ್ಲ. ಕಾಲು ಊರುವ ಕೊನೆಯ ಗಳಿಗೆಯಲ್ಲಿ ನೋಟದ ಕೆಳ ಅಂಚಿಗೆ ಬೀಳುವ ನೆಲವೂ ನೆರವಿಗೆ ಬರುತ್ತದೆ. ಒಗೆದ ಬಟ್ಟೆಯ ಬುಟ್ಟಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುವಾಗ ಎಂಥವರೂ ತಡವರಿಸುವುದು ಅದು ಮರೆಯಾಗುವುದರಿಂದಲೇ.

ನಿಮ್ಮ ಕನ್ನಡಕದ ಕೆಳಭಾಗ ಇರುವುದು ಪುಸ್ತಕ ಓದುವುದಕ್ಕೆ, ಅಂದರೆ ಸುಮಾರು 40 ಸೆಂ.ಮೀ. ದೂರಕ್ಕೆ. ಅದರ ಮೂಲಕವೇ ಮೆಟ್ಟಿಲು ನೋಡಿದರೆ ಅಂಚು ಮಸುಕಾಗಿ, ಆಳದ ಅಂದಾಜು ತಪ್ಪುತ್ತದೆ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಬೈಫೋಕಲ್, ಪ್ರೋಗ್ರೆಸಿವ್‌ನಂಥ ಕನ್ನಡಕ ಹಾಕುವ ಹಿರಿಯರು ಬೀಳುವ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಹೊರಗೆ ಓಡಾಡಲು ದೂರದ ನಂಬರಿನದೇ ಬೇರೆ ಕನ್ನಡಕ ಕೊಟ್ಟಾಗ ಏನಾಗುತ್ತದೆಂದು ಅಲ್ಲೇ ನಡೆಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು: ದಿನವೂ ಹೊರಗೆ ಓಡಾಡುವವರು ಬೀಳುವುದು ಕಡಿಮೆಯಾಯಿತು, ಅಪರೂಪಕ್ಕೆ ಹೊರಡುವವರಿಗೆ ಮಾತ್ರ ತೊಂದರೆ ಹೆಚ್ಚಿತು. ನೀವು ವಾಕಿಂಗ್ ರೂಢಿ ಇದ್ದವರು, ನಿಮಗೆ ಅಂಥದ್ದೊಂದು ಕನ್ನಡಕ ಬೇಕು.

ಅದು ಕೈಗೆ ಬರುವ ತನಕ ಮೆಟ್ಟಿಲಿಳಿಯುವಾಗ ಗದ್ದವನ್ನು ಎದೆಯತ್ತ ಬಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೋಡಿ, ಕಂಬಿ ಹಿಡಿದುಕೊಳ್ಳಿ. ಇನ್ನೊಂದು ಮಾತು. ಬೀಳುವ ಭಯವಿದ್ದವರ ಕಣ್ಣು, ಈ ಮೆಟ್ಟಿಲ ಮೇಲೆ ಕಾಲೂರುವ ಮೊದಲೇ ಮುಂದಿನ ಅಡ್ಡಿಯತ್ತ ಹೋಗಿಬಿಡುತ್ತದೆ, ಹೆಜ್ಜೆ ತಪ್ಪುವುದು ಆಗಲೇ. ಸಮತಟ್ಟಾದ ದಾರಿಯಲ್ಲಿ ನೋಟ ಮುಂದಿರಲಿ. ಚರಂಡಿ ಚಪ್ಪಡಿ, ಮೆಟ್ಟಿಲು ಬಂದಾಗ ಮಾತ್ರ ಕಾಲಿಡುವ ಜಾಗವನ್ನು ಮೊದಲೇ ನೋಡಿಕೊಂಡು, ಪಾದ ಊರುವ ತನಕ ಕಣ್ಣು ಅಲ್ಲೇ ನಿಲ್ಲಲಿ.

ಕಣ್ಣಿನ ವೈದ್ಯರ ಬಳಿ ಹೋದಾಗ ಪೊರೆ ಬಂದಿದೆಯೇ ನೋಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಪಾದದ ಸ್ಪರ್ಶವನ್ನೂ ಪರೀಕ್ಷಿಸಿಕೊಳ್ಳಿ. ನಡಿಗೆ ಬಿಟ್ಟರೆ ಕಾಲಿನ ಬಲ ಕುಗ್ಗಿ ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ದಯವಿಟ್ಟು ಬೆಳಕು ಚೆನ್ನಾಗಿ ಹರಿದ ಮೇಲೆ, ಗೊತ್ತಿರುವ ಸಮ ದಾರಿಯಲ್ಲಿ, ಮಗನನ್ನು ಜೊತೆಗೆ ಕರೆದುಕೊಂಡು ವಾಕಿಂಗ್ ಮತ್ತೆ ಶುರುಮಾಡಿ.