ಮಾಂದಲ್‌ಪಟ್ಟಿಯಲ್ಲಿ ಕುರಿಂಜಿ ಅರಳಿದಾಗ

2021ರ ಆಗಸ್ಟಿನಲ್ಲಿ ಮಾಂದಲ್‌ಪಟ್ಟಿ, ಕೋಟೆಬೆಟ್ಟಗಳ ಕುರಿಂಜಿ ಸುದ್ದಿ ಪೇಪರಿಗೆ ಬಂದದ್ದೇ ತಡ, ಮೈಸೂರಿನಿಂದ ಭಾವ ಸಂಸಾರ ಸಮೇತ ಬಂದಿಳಿದರು. ಬೆಳಿಗ್ಗೆಯೇ ಹೋಗೋಣ, ಮಧ್ಯಾಹ್ನದ ಮೇಲೆ ಮಂಜು ಇಳಿಯುತ್ತದೆ ಎಂದೆ. ಊಟ ಮುಗಿಸಿಯೇ ಹೊರಡುವುದೆಂದು ಹಟ ಹಿಡಿದರು.

ಜೀಪು ಇಳಿದಾಗ ಗುಡ್ಡದ ಹುಲ್ಲೆಲ್ಲ ಮಾಸಲು ನೀಲಿ. "ಭಾವ, ಕಾಲುದಾರಿ ಬಿಟ್ಟು ಇಳಿಯಬೇಡಿ" ಎಂದೆ. "ಹೂವಿನ ನಡುವೆ ಫೋಟೊ ಇಲ್ಲದಿದ್ದರೆ ಬಂದು ಏನು ಪ್ರಯೋಜನ?" ಎನ್ನುತ್ತ ಮಗಳ ಕೈ ಹಿಡಿದು ಇಳಿದೇಬಿಟ್ಟರು. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದಿತು. ನನ್ನ ಚಾಚಿದ ಕೈಯೇ ನನಗೆ ಕಾಣದು. ಭಾವನ ಕೂಗು ಕೇಳಿತು. ಮಗು ಅವರ ಕೈಯಲ್ಲಿರಲಿಲ್ಲ. ಹೆಸರು ಹಿಡಿದು ಕರೆದರೆ ಉತ್ತರ ಒಮ್ಮೆ ಎಡಕ್ಕೆ, ಒಮ್ಮೆ ಕೆಳಗೆ. ಬಲಕ್ಕೆ ಎಲ್ಲೋ ಪ್ರಪಾತವಿದೆಯೆಂದು ಗೊತ್ತು, ಎಷ್ಟು ಹತ್ತಿರವೆಂದು ಗೊತ್ತಿಲ್ಲ. ಒದ್ದೆ ಪೊದೆಗಳನ್ನು ತಡವುತ್ತ, ಕುಳಿತು ಕುಳಿತು ಜಾರಿದೆ. ಜಿಗಣೆ ಹತ್ತಿದ್ದು ಆಮೇಲೆ ತಿಳಿಯಿತು. "ಕೂತ್ಕೋ ಪುಟ್ಟಿ, ಏಳಬೇಡ" ಎಂದು ಕೂಗುತ್ತಲೇ ಇದ್ದೆ. ಕೊನೆಗೆ ಗಿಡದ ಬುಡ ಅಪ್ಪಿಕೊಂಡು ಕೂತಿದ್ದ ಮಗುವಿನ ಚಪ್ಪಲಿ ಕೈಗೆ ಸಿಕ್ಕಿತು. ಅಕ್ಕ ಈವರೆಗೂ ಆ ಗುಡ್ಡದ ಹೆಸರೆತ್ತುವುದಿಲ್ಲ. ತಪ್ಪು ಗುಡ್ಡದ್ದಲ್ಲ, ಭಾವನದು, ಅವರೆದುರೇ ಹೇಳಿದ್ದೇನೆ.

ಇಳಿಯುವಾಗ ಇನ್ನೊಂದು ಸಂಕಟ. ಜೀಪುಗಳಲ್ಲಿ ಬಂದವರ ಕೈತುಂಬ ಕುರಿಂಜಿ ಕೊಂಬೆಗಳು. ಮೂನ್ನಾರು, ನೀಲಗಿರಿಗಳ ಹೆಸರಾಂತ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. ಅಲ್ಲಿ 2006ರಲ್ಲಿ, 2018ರಲ್ಲಿ ಅರಳಿತ್ತು. ಕುರಿಂಜಿಯಲ್ಲಿ ಜಾತಿ ಹಲವು, ಲೆಕ್ಕವೂ ಬೇರೆ ಬೇರೆ. ಹೀಗೆ ವರ್ಷಗಟ್ಟಲೆ ಕಾದು ಒಟ್ಟಿಗೆ ಅರಳುವ ಗಿಡ ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಕೊಂಬೆ ಮುರಿದರೆ ಅದರ ಬೀಜಕ್ಕೆ ಮತ್ತೊಂದು ಅವಕಾಶವಿಲ್ಲ. ಇಷ್ಟನ್ನು ಗೇಟಿನಲ್ಲೇ ಹೇಳಬಹುದಿತ್ತು. ಅಲ್ಲಿದ್ದವರು ಹಣ ಪಡೆದು ಚೀಟಿ ಹರಿದುಕೊಟ್ಟರು, ಅಷ್ಟೇ.

ಹೋಗುವವರು ಬೆಳಿಗ್ಗೆ ಹೋಗಿ. ಮಂಜು ಮುಚ್ಚಿದರೆ ಇದ್ದಲ್ಲೇ ಕೂತುಬಿಡಿ. ಮಕ್ಕಳ ಕೈ ಬಿಡಬೇಡಿ. ಹೂವನ್ನು ಗಿಡದಲ್ಲೇ ನೋಡಿ. ಅದು ಬೀಜವಾಗಿ ಬಲಿಯಲು ಇನ್ನೂ ತಿಂಗಳುಗಳು ಬೇಕು.